ಗೆರೆಯಿಲ್ಲದ ಹೆಬ್ಬೆರಳು

ಸಾಲಿನಲ್ಲಿ ನನ್ನ ಮುಂದೆ ನಿಂತ ಅಂಬಪ್ಪನ ಕತ್ತಿನ ಪೌಡರು ಬೆವರಿಗೆ ಕರಗಿ ಕಾಲರಿನೊಳಕ್ಕೆ ಇಳಿಯುತ್ತಿದೆ, ಇಷ್ಟು ಪೌಡರು ಬಳಿದುಕೊಂಡು ಬಂದು ಏನು ಪ್ರಯೋಜನ, ಬಸ್ಸಿನಲ್ಲಿ ಎರಡು ಕಾಲೂರಲು ಜಾಗವಿಲ್ಲ, ಮಸ್ಕಿಯಿಂದ ಸಿಂಧನೂರಿನವರೆಗೆ ನಾನು ಒಂದೇ ಕಾಲಿನ ಮೇಲೆ ಬಂದೆ — ಇನ್ನು ಐದು ಜನ, ಆಮೇಲೆ ನಾನು, ಗೋಡೆಯ ಮೇಲಿನ ಹಾಜರಿ ಮಷೀನಿಗೆ ಒಬ್ಬೊಬ್ಬರೂ ಹೆಬ್ಬೆರಳು ಒತ್ತುತ್ತಾರೆ, ಹಸಿರು ದೀಪ, ಥ್ಯಾಂಕ್ ಯೂ, ಹಸಿರು ದೀಪ, ಥ್ಯಾಂಕ್ ಯೂ, ನಾನು ಒತ್ತಿದರೆ ಮಾತ್ರ ಕೆಂಪು, ಪ್ಲೀಸ್ ಟ್ರೈ ಅಗೇನ್, ಇಪ್ಪತ್ತು ದಿನದಿಂದ ಅದೇ ಹಾಡು, ಇವತ್ತು ಇಪ್ಪತ್ತೊಂದನೆಯದು. ಇವತ್ತೂ ಕೆಂಪು ಬಂದರೆ ನಾನು ಗೆದ್ದೆ. ಮ್ಯಾನೇಜರ್ ವಿರೇಶ ಸಾಹೇಬರೇ ಹೆಡ್ ಆಫೀಸಿನ ಕಾಗದ ಓದಿ ಹೇಳಿದ್ದಾರೆ, ನೋಡ್ರಿ ಸಿದ್ದರಾಮ, ಇಪ್ಪತ್ತೊಂದು ದಿನ ಮಷೀನು ಗುರ್ತು ಹಿಡೀಲಿಲ್ಲಂದ್ರ ಅಂಥವರಿಗಷ್ಟ ಮೊದಲಿನಂಗ ಮನಿಯಿಂದ ಕೆಲಸ, ಉಳಿದವರಿಗೆ ಯಾರಿಗೂ ಇಲ್ಲ, ನನ್ನ ಮುಂದ ಬಂದು ಅಳಬ್ಯಾಡ್ರಿ. ಹಾಗಾಗಿ ಇಡೀ ಸಾಲಿನಲ್ಲಿ ನಪಾಸಾಗಲಿ ಎಂದು ಹರಕೆ ಹೊತ್ತವನು ನಾನೊಬ್ಬನೇ.

ಐದು ವರ್ಷ ಮನೆಯ ಅಡುಗೆಕೋಣೆಯೇ ನನ್ನ ಆಫೀಸು, ಕಂಪನಿಯವರು ಪಾಪ ಮೇಜು ಕುರ್ಚಿ ಇದೆ ಎಂದುಕೊಂಡಿದ್ದರು, ಬೀಜದ ಕಂಪನಿಯ ಸಹಾಯವಾಣಿ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಜೋಳದ ಹಿಟ್ಟು — ಎಲ್ಲ ಶುರುವಾದದ್ದು ಅವ್ವನ ಮಣಿಕಟ್ಟು ಮುರಿದಾಗ, ಮಹಾಲಕ್ಷ್ಮಿ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸು, ನನ್ನ ಹೆಂಡತಿಯೇ ಆದರೂ ಕೊರೊನಾ ಕಾಲದಲ್ಲಿ ಅವಳ ಮುಖ ನೋಡಿದ್ದಕ್ಕಿಂತ ಮಾಸ್ಕು ನೋಡಿದ್ದೇ ಹೆಚ್ಚು, ಇನ್ನು ರೊಟ್ಟಿ ಬಡಿಯುವವರು ಯಾರು, ನಾನೇ ಹಿಟ್ಟು ನಾದುವ ಪರಾತಕ್ಕೆ ಕೈಯಿಟ್ಟೆ, ಅವ್ವ ಹೊಸ್ತಿಲಲ್ಲಿ ಕೂತು ಹುಕುಂ ಮಾಡಿದಳು, ನೀರು ಕುದೀಲಿ, ಅವಸರ ಮಾಡಬ್ಯಾಡ, ಮದಲ ಬಾಗಲಾ ಹಾಕ್ಕೊಲೇ, ಓಣ್ಯಾಗಿನವರು ನೋಡಿಗೀಡ್ಯಾರು. ಮೊದಲ ರೊಟ್ಟಿಯನ್ನು ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಆ ಅವಮಾನ ನನಗೆ ಇವತ್ತಿಗೂ ಮರೆತಿಲ್ಲ. ಮೂರನೆಯ ತಿಂಗಳಿಗೆ ಹಂಚಿನ ಮೇಲೆ ಒಂದು ಉಬ್ಬಿತು, ಪೂರ್ತಿ ಉಬ್ಬಿತು, ಅವ್ವ ಕಣ್ಣೊರೆಸಿಕೊಂಡು ಇನ್ನೊಂದ್ ಹಾಕು ಅಂದಳು, ಬಿ.ಕಾಂ. ಪಾಸಾದ ದಿನವೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಪಕ್ಕದ ಮನೆಯ ಪೀರಮ್ಮ ಬಂದು ಮುರಿದು ಬಾಯಿಗೆ ಹಾಕಿಕೊಂಡು, ಏನ್ ಮೆತ್ತಗ ಬಡಿತೀಯವ್ವ ಮಹಾಲಕ್ಷ್ಮಿ, ನಿನ್ನ ಕೈಯಾಗ ಏನೋ ಐತಿ, ಅಂದರೆ ನನ್ನ ಹೆಂಡತಿ ಒಂದಿಷ್ಟೂ ನಾಚದೆ, ಹ್ಞೂಂ ಅತ್ತಿ, ನಮ್ಮವ್ವ ಕಲಿಸ್ಯಾಳ! ನಾನು ಬಾಗಿಲ ಹಿಂದೆ ಹಿಟ್ಟಿನ ಕೈಯಲ್ಲಿ ನಿಂತು ಎಲ್ಲವನ್ನೂ ನುಂಗಿಕೊಂಡೆ.

ಫೋನಿನಲ್ಲಿದ್ದವರಿಗೆ ಮಾತ್ರ ಗೊತ್ತಾಗಿ ಹೋಗಿತ್ತು, ಹಿಟ್ಟಿನ ಬೆರಳಿಗೆ ಮ್ಯೂಟ್ ಗುಂಡಿ ಒತ್ತಲಾಗುವುದಿಲ್ಲ, ಭತ್ತದ ಗರಿ ಹಳದಿ ಆಗ್ಯಾವ್ರೀ ಸಾರ್ ಎಂದು ಶುರುಮಾಡಿದ ಪಾಮನಕಲ್ಲೂರಿನ ಬಸ್ಸಪ್ಪಜ್ಜ ನಡುವೆ ನಿಲ್ಲಿಸಿ, ಸಾರ್, ಅದೇನದು ತಪ್ ತಪ್ ಅನ್ನಾಕತ್ತೈತಿ, ರೊಟ್ಟೇನ್ರಿ? ಹೌದ್ರಿ ಅಂದೆ, ಯಾಕೆ ಸುಳ್ಳು ಹೇಳಬೇಕು, ಹತ್ತಿರದ ಊರೇ ಆದರೂ ಅವನಿಗೆ ನನ್ನ ಮುಖ ಗೊತ್ತಿಲ್ಲ — ಎಷ್ಟಾದ್ವು? ಆರು. ಪಲ್ಯ ಏನು? ಪುಂಡಿಪಲ್ಯ. ಹಂಗಾರ ಊಟ ಮುಗಿಸ್ರಿ, ಭತ್ತ ಎಲ್ಲಿಗೂ ಓಡಿ ಹೋಗಂಗಿಲ್ಲ. ಆ ತಿಂಗಳು ಗ್ರಾಹಕರ ಮೆಚ್ಚುಗೆಯಲ್ಲಿ ನಾನೇ ಮೊದಲನೆಯವನು, ವಿರೇಶ ಸಾಹೇಬರು ಫೋನಿನಲ್ಲೇ ಅಭಿನಂದನೆ ಹೇಳಿ, ನಿಮ್ಮ ಮಾತಿನ್ಯಾಗ ಏನೋ ಆಪ್ತತಾ ಐತ್ರಿ ಅಂದಿದ್ದರು. ಅದು ಜೋಳದ ಆಪ್ತತೆ ಎಂದು ನಾನು ಹೇಳಲಿಲ್ಲ.

ಇನ್ನು ಮೂವರು. ಹಸಿರು, ಥ್ಯಾಂಕ್ ಯೂ. ಎಲ್ಲರೂ ಆಫೀಸಿಗೆ ಬರಬೇಕು ಎಂಬ ಹುಕುಂ ಬಂದ ಮೊದಲ ದಿನ ಹತ್ತೂ ಬೆರಳು ಒತ್ತಿದೆ, ಹತ್ತೂ ಕೆಂಪು, ಮಷೀನು ನೋಡಿಕೊಳ್ಳುವ ಜಬೀವುಲ್ಲಾ ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿ, ಏನ್ ಸಾರ್, ಬೆಳ್ಳಾಗ ಗೆರೀನ ಇಲ್ಲ, ಗಾರೆ ಕೆಲಸಕ್ಕ ಹೋಗ್ತೀರೇನು? ಹುಟ್ಟಿದಾಗಿಂದ ಹಿಂಗಾ ಐತಪಾ ಅಂದೆ. ಮತ್ತ ನೀವು ಕೆಲಸಕ್ಕ ಸೇರಿದಾಗ ಇದಾ ಹೆಬ್ಬೆಳ್ಳು ತಗೊಂಡೈತಲ್ಲ, ನೋಡ್ರಿ ಇಲ್ಲಿ, ಕೊರೊನಾಕ್ಕಿಂತ ಮದಲಿನ ದಿನಾಂಕ. ಸಿಕ್ಕಿಬಿದ್ದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಬಾಯಿ ತಾನಾಗಿ ಹೇಳಿಬಿಟ್ಟಿತು, ಕಾದ ಹಂಚಿನ ಮೇಲೆ ಬರಿಗೈಯಲ್ಲಿ ಐದು ವರ್ಷ ರೊಟ್ಟಿ ತಿರುವಿದ್ದೇನೆ, ಸವೆದಿವೆ, ಸುಟ್ಟಿವೆ. ಮೊದಲು ಯಾರೂ ನಗಲಿಲ್ಲ, ಆಮೇಲೆ ಅಂಬಪ್ಪ ನಕ್ಕ, ಆಮೇಲೆ ಗೋಡೆಯೂ ನಕ್ಕಿತು, ಪಕ್ಕದ ಮೇಜಿನ ಶಾಜಿಯಾ ಒಬ್ಬಳು ಮಾತ್ರ ಮಧ್ಯಾಹ್ನ ಸದ್ದಿಲ್ಲದೆ ಬಂದು, ಸರ್, ನನ್ನ ರೊಟ್ಟಿ ಅಂಚಿನ್ಯಾಗ ಸೀಳ್ತಾವು, ಯಾಕ್ರಿ? ಹಿಟ್ಟು ಹಳೇದು ಇರಬೇಕವ್ವ, ಹೊಸದಾಗಿ ಬೀಸಿಸು ಅಂದೆ. ಆ ಒಂದು ನಿಮಿಷ ನನಗೆ ಆಫೀಸು ಹಿತವೆನಿಸಿತ್ತು, ಸುಳ್ಳೇಕೆ.

ಇನ್ನೊಬ್ಬ, ಅಂಬಪ್ಪ. ಇವತ್ತು ಕೆಂಪು ಬಂದರೆ ನಾಳೆಯೇ ಹಿಟ್ಟು ಹಿಡಿಯುತ್ತೇನೆ, ಬೆಳಗಿನ ಬಸ್ಸಿಗೆ ಓಡುವವನಿಗೆ ಇಷ್ಟು ದಿನ ಎಲ್ಲಿತ್ತು ಪುರಸೊತ್ತು, ಭಾನುವಾರವೆಲ್ಲ ಬಟ್ಟೆ ಒಗೆಯುವುದಕ್ಕೇ ಹೋಯಿತು, ಅವ್ವ ಅಂಗಡಿಯ ಕಟಕ್ ರೊಟ್ಟಿ ಮುರಿಯಲಾಗದೆ ಸಾರಿನಲ್ಲಿ ನೆನೆಹಾಕಿ ಕೂತಿರುತ್ತಾಳೆ, ಹಲ್ಲಿಲ್ಲದವಳು, ನೆನೆದಾವೇನು ಎಂದು ಬೆರಳಿನಿಂದ ಒತ್ತಿ ನೋಡುತ್ತಾಳೆ, ನನಗೆ ಅದನ್ನು ನೋಡಲಾಗುವುದಿಲ್ಲ. ನನಗೆ ಬೈಯುವುದಿಲ್ಲ, ಮಷೀನಿಗೆ ಬೈಯುತ್ತಾಳೆ, ನನ್ನ ಮಗನ ಗುರ್ತು ಹಿಡಿಯಂಗಿಲ್ಲಂದ್ರ ಅದೆಂಥಾ ಹಾಟ್ಯಾಂದು ಮಷೀನು, ಕೊಡಿಲ್ಲಿ ಕೈ, ಎಂದು ದಿನಾ ಸಂಜೆ ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಬೆರಳು ತಿಕ್ಕುತ್ತಾಳೆ, ಬೇಡವೇ ಅವ್ವ, ಅದು ಗುರುತು ಹಿಡಿಯದಿದ್ದರೇ ಒಳ್ಳೆಯದು ಎಂದು ಎಷ್ಟು ಸಲ ಹೇಳಿದೆ, ಕೆಲಸ ಹೋಗ್ತೈತೋ ಹುಚ್ಚಪ್ಪ, ಸುಮ್ಮನ ಕೂಡು, ಎಂದು ಇನ್ನೂ ತಿಕ್ಕುತ್ತಾಳೆ. ಹಸಿರು, ಥ್ಯಾಂಕ್ ಯೂ, ಅಂಬಪ್ಪ ಹೋದ.

ಈಗ ನಾನು. ವಿರೇಶ ಸಾಹೇಬರು ಕ್ಯಾಬಿನ್ನಿನಿಂದ ಹೊರಬಂದು ನಿಂತಿದ್ದಾರೆ, ಜಬೀವುಲ್ಲಾ ಗಾಜು ಒರೆಸಿದ, ಅಷ್ಟೊಂದು ಒರೆಸಬೇಡವೋ ಪುಣ್ಯಾತ್ಮ, ಒತ್ತಿದೆ — ಹಸಿರು. ಥ್ಯಾಂಕ್ ಯೂ. ಯಾರೋ ಚಪ್ಪಾಳೆ ತಟ್ಟಿದರು, ಸಾಹೇಬರು ಕೈ ಕುಲುಕಿದರು, ಮಷೀನು ಕೊನಿಗೂ ನಿಮ್ಮನ್ನ ಒಪ್ಪಿಕೊಂತು ನೋಡ್ರಿ ಅಂದರು, ನನ್ನನ್ನಲ್ಲ, ಅದು ಒಪ್ಪಿಕೊಂಡದ್ದು ಕೆಲಸಕ್ಕೆ ಸೇರಿದ ದಿನದ ಆ ಸಿದ್ದರಾಮನನ್ನು, ಹಿಟ್ಟು ಮುಟ್ಟಲು ಬಾರದವನನ್ನು, ಹಾಗಾದರೆ ಅವ್ವನ ಮುಂದೆ ಕೂತು ಐದು ವರ್ಷ ಕಲಿತವನು ಎಲ್ಲಿ ಹೋದ, ಮುಂದ ನಡೀರಿ ಸರ್, ಲೈನ್ ಐತಿ, ಶಾಜಿಯಾ ಹೇಳುತ್ತಿದ್ದಾಳೆ, ನಡೆಯಬೇಕು, ಟ್ಯೂಬ್‌ಲೈಟಿಗೆ ಹಿಡಿದ ಹೆಬ್ಬೆರಳು, ಇಪ್ಪತ್ತೊಂದು ದಿನ ಹಂಚು ಮುಟ್ಟದ ಹೆಬ್ಬೆರಳು, ಎಣ್ಣೆಗೆ ಮಿನುಗುತ್ತಿದೆ, ಅದರ ಮೇಲೆ ಗೆರೆ, ಗೆರೆಯೊಳಗೆ ಗೆರೆ, ಗೆರೆಯೊಳಗೆ