ಎಮ್ಮೆಗೆ ಶಾಂಪೂ ಹಾಕಿದ ಚಿಕ್ಕಮ್ಮ

ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುವುದುಂಟು. ಪ್ರಯೋಗಾಲಯದವರು ನೊರೆಯಮ್ಮ ಎಂದು ಕರೆಯುತ್ತಿದ್ದ ಹುಡುಗಿಯ ಜೀವ ಮಾತ್ರ ಅವಳ ಚಿಕ್ಕಮ್ಮನ ಎಮ್ಮೆಯ ಚರ್ಮದ ಮೇಲಿತ್ತು. ಅಲ್ಲಿ ಸಂಸಾರ ಹೂಡಿದ್ದ ಒಂದು ಬ್ಯಾಕ್ಟೀರಿಯಾ ಸೋಪಿನಂಥದ್ದೇನನ್ನೋ ತಾನೇ ತಯಾರಿಸಿ ಎಣ್ಣೆಜಿಡ್ಡನ್ನು ಒಡೆಯುತ್ತದೆಂದು ಕಂಡುಹಿಡಿದವಳು ಇವಳೇ. ಆದರೆ ಅದನ್ನು ಸಾಕಿದ್ದ ಗಾಜಿನ ತಟ್ಟೆಗಳಿಗೆಲ್ಲ ಬೂಸ್ಟು ಹಿಡಿದುಬಿಟ್ಟಿತು. ಸೋಮವಾರದೊಳಗೆ ಮತ್ತೆ ಹಿಡಿದು ತೋರಿಸದಿದ್ದರೆ ಈ ಕೆಲಸಕ್ಕೆ ಮಂಗಳ ಎಂದರು ಮೇಲಧಿಕಾರಿ.

"ನಾಳೆ ಬರ್ತೀನಿ, ಎಮ್ಮೆ ನೋಡ್ಬೇಕು" ಎಂದು ಚಿಕ್ಕಮ್ಮನಿಗೆ ಮೊದಲೇ ಫೋನು ಮಾಡಿದ್ದೇ ತಪ್ಪಾಯಿತು. ಕೊಟ್ಟಿಗೆಯಲ್ಲಿ ಎಮ್ಮೆ ಮದುಮಗಳ ಹಾಗೆ ಫಳಫಳ ಹೊಳೆಯುತ್ತ ನಿಂತಿತ್ತು. ಸುತ್ತ ಮಲ್ಲಿಗೆ ಶಾಂಪೂವಿನ ಘಮಘಮ.

"ಮೂರು ಸಲ ಉಜ್ಜಿದೀನಿ ಕಣೆ. ಆಫೀಸಿನ ಕೆಲಸ ಅಂದ್ಮೇಲೆ ನಮ್ಮ ಮರ್ಯಾದೆ ಪ್ರಶ್ನೆ!" ಚಿಕ್ಕಮ್ಮ ಬೀಗಿದಳು.

"ಅಯ್ಯೋ ಚಿಕ್ಕಮ್ಮ! ನಂಗೆ ಬೇಕಾಗಿದ್ದೇ ಆ ಕೊಳೆ!"

"ನಿನ್ನ ಓದಿಗಿಷ್ಟು ಬೆಂಕಿ ಹಾಕ! ಕೊಳೆ ಬೇಕಿದ್ರೆ ನಿಮ್ಮ ಚಿಕ್ಕಪ್ಪ ಇಲ್ವಾ? ನಾಲ್ಕು ದಿನದಿಂದ ನೀರು ಮುಟ್ಟಿಲ್ಲ."

ಒಳಗಿನಿಂದ ಚಿಕ್ಕಪ್ಪ ಕೆಮ್ಮಿದರು.

ನೊರೆಯಮ್ಮ ಕಿವಿಯ ಹಿಂದೆ ಮೂಸಿದಳು, ಕೊಂಬಿನ ಬುಡ ಕೆದಕಿದಳು, ತೊಡೆಸಂದಿಯಲ್ಲಿ ಇಣುಕಿದಳು. ಎಲ್ಲೆಲ್ಲೂ ಮಲ್ಲಿಗೆ. "ಒಂದಿಂಚೂ ಬಿಟ್ಟಿಲ್ವಾ?"

ಚಿಕ್ಕಮ್ಮ ಸೆರಗಿನ ಅಂಚು ತಿರುಚಿದಳು. "ಬಾಲದ ಬುಡದಲ್ಲಿ, ಕೆಳಗಡೆ... ಅಲ್ಲಿ ಕೈ ಹಾಕಿದ್ರೆ ಒದೀತಾಳೆ ಮಾರಾಯ್ತಿ."

ನೊರೆಯಮ್ಮನ ಮುಖ ಊರಗಲವಾಯಿತು.

ಚಿಕ್ಕಮ್ಮ ಎಮ್ಮೆಯ ಕೊರಳು ತಬ್ಬಿ "ನನ್ನ ಬಂಗಾರಿ" ಎಂದು ಮುದ್ದು ಮಾಡತೊಡಗಿದಳು. ಒಳಗಿನಿಂದ ಎದ್ದು ಬಂದ ಚಿಕ್ಕಪ್ಪ ಮುಖವನ್ನು ಆಚೆ ತಿರುಗಿಸಿ ಬಾಲ ಎತ್ತಿ ಹಿಡಿದರು. ನೊರೆಯಮ್ಮ ಉಸಿರು ಬಿಗಿಹಿಡಿದು ಹತ್ತಿ ಸುತ್ತಿದ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಎರಡು ಸುತ್ತು ತಿರುವಿದಳು. ಮರುಕ್ಷಣ ಬಕೆಟ್ಟು ಒಂದು ಕಡೆ, ಚಿಕ್ಕಪ್ಪ ಇನ್ನೊಂದು ಕಡೆ. ಅವಳು ಸಗಣಿಯಲ್ಲಿ ಅಂಗಾತ ಬಿದ್ದಿದ್ದಳು. ಕಡ್ಡಿ ಹಿಡಿದ ಕೈ ಮಾತ್ರ ಮೇಲೆಯೇ ಇತ್ತು.

ಸೋಮವಾರ ಮೇಲಧಿಕಾರಿಯ ಕಣ್ಣೆದುರೇ, ಹೊಸ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಲಕಿದ ನೀರಿನ ಹನಿ ಸೋಕುತ್ತಲೇ ಬಟ್ಟಲಲ್ಲಿ ತೇಲುತ್ತಿದ್ದ ಎಣ್ಣೆ ಸರಸರನೆ ದೂರ ಸರಿಯಿತು. ಅವರು ಖುಷಿಯಿಂದ ಕುರ್ಚಿ ಎಳೆದುಕೊಂಡು ವರದಿ ಬರೆಯಲು ಕೂತರು.

"ಮಾದರಿ ತೆಗೆದ ಜಾಗ?"

ಅವಳು ಹೇಳಿದಳು. ಪೆನ್ನು ನಿಂತಿತು.

"'ಹಿಂಭಾಗ' ಅಂತ ಬರೆದ್ರೆ ಸಾಲ್ದೇನಮ್ಮ?"

"ಮತ್ತೆ ಸಿಗಬೇಕಲ್ಲ ಸರ್. ಮುಂದಿನ ಸಲ ನೀವು ಹೋದ್ರೆ ಎಲ್ಲಿ ಅಂತ ಹುಡುಕ್ತೀರಿ?"

ಮೇಲಧಿಕಾರಿ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಅಕ್ಷರಗಳನ್ನು ಆದಷ್ಟು ಚಿಕ್ಕದು ಮಾಡಿ, ಆದರೆ ಪೂರ್ತಿಯಾಗಿ ಬರೆದರು.