ಶನಿವಾರದ ಸೌದೆ

ಬೆಳಗಿನ ಬಿಸಿಲು ತಗಡಿನ ಮಾಡಿಗೆ ತಾಗುವ ಹೊತ್ತಿಗೆ ಗೂಡಕ್ಕ ಎದೆಮಟ್ಟದ ಕಬ್ಬಿಣದ ಚೌಕಟ್ಟನ್ನು ಮುಕ್ಕಾಲು ತುಂಬಿಸಿದ್ದಳು. ಹೊರಮೈಗೆ ನೆಟ್ಟಗಿನ ಸೌದೆ ಸೀಳುಗಳು, ಒತ್ತೊತ್ತಾಗಿ. ಒಳಗೆ ಸೊಟ್ಟನೆಯವು, ಗಂಟಿಗೆ ಗಂಟು ಎದುರಾಗಿ, ಒಂದರ ಬೆನ್ನು ಇನ್ನೊಂದಕ್ಕೆ ತಾಗಿಯೂ ತಾಗದಂತೆ. ನಾಲ್ಕು ಸಾಲಿಗೊಂದು ಅಡ್ಡ ಸೀಳು. ಎದುರಿಗೆ ನಿಂತವರಿಗೆ ಇರುವೆ ನುಸುಳಲೂ ಜಾಗವಿಲ್ಲ ಎನಿಸಬೇಕು. ಒಳಗೆ ಗಾಳಿ ಆರಾಮವಾಗಿ ಓಡಾಡಿಕೊಂಡಿರಬೇಕು. ನೂರಿಪ್ಪತ್ತು ಸೀಳು ಹಿಡಿಯುವ ಚೌಕಟ್ಟನ್ನು ಅವಳು ತೊಂಬತ್ತರಲ್ಲಿ ತುಂಬಿಸಿ ತೋರಿಸುತ್ತಿದ್ದಳು.

ಆ ಪೇಟೆಯ ಸೌದೆ ಡಿಪೊಗಳಲ್ಲೆಲ್ಲ ಚೌಕಟ್ಟು ಒಂದೇ ಗಾತ್ರದ್ದು. ಅದು ತುಂಬಿದರೆ ಒಂದು ಅಳತೆ, ಒಂದು ದರ. ಕೊಳ್ಳುವವರು ನೋಡಿ ತಲೆಯಾಡಿಸಿದ ಮೇಲೆ ಹಮಾಲರು ಅದನ್ನು ಕೆಡವಿ ಗಾಡಿಗೆ ಎಸೆಯುತ್ತಿದ್ದರು. ಆಮೇಲೆ ಒಳಗೆ ಎಷ್ಟಿತ್ತು ಎಂದು ಕೇಳುವವರಿರಲಿಲ್ಲ. ಸೇತುವೆ ಪಕ್ಕದ ದೊಡ್ಡ ಡಿಪೊದಲ್ಲಿ ಇಪ್ಪತ್ತು ವರ್ಷ ದುಡಿದ ಅವಳು ಕೊನೆಯ ಮೂರು ವರ್ಷ ಅಲ್ಲಿ ಸೌದೆ ಒಟ್ಟುವವರಿಗೆಲ್ಲ ಮುಖ್ಯಸ್ಥೆಯಾಗಿದ್ದಳು. ಅವಳು ಒಟ್ಟಿದ ಚೌಕಟ್ಟಿನೊಳಗೆ ಬೆಕ್ಕು ಗೂಡು ಮಾಡಿಕೊಂಡು ಮರಿ ಹಾಕಬಹುದು ಎಂದು ಹಮಾಲರು ಆಡಿಕೊಂಡೇ ಗೂಡಕ್ಕ ಎಂಬ ಹೆಸರು ಬಂದದ್ದು. ಅವಳು ಅದನ್ನು ಬಿರುದೆಂದೇ ತಿಳಿದಿದ್ದಳು.

ಈಗ ಡಿಪೊ ಅವಳದೇ. ರೈಲು ಹಳಿಯ ಪಕ್ಕದ ಬಾಡಿಗೆ ಜಾಗ, ತಗಡಿನ ಮಾಡು, ಕೊರಡು ಸೀಳಲು ಗಂಡ. ಇಪ್ಪತ್ತು ವರ್ಷದ ಉಳಿತಾಯವೆಲ್ಲ ಮರವಾಗಿ ಅಂಗಳದಲ್ಲಿ ಬಿದ್ದಿತ್ತು. ನಾಳೆ ಬಾಗಿಲು ತೆರೆಯಬೇಕು. ಕರಿ ಹಲಗೆಯ ಮೇಲೆ ‘ಒಂದು ಚೌಕಟ್ಟಿಗೆ’ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದಳು.

ಸೇತುವೆ ಡಿಪೊದ ದರ ಆರುನೂರು. ಐನೂರೈವತ್ತು ಹಾಕಿದರೆ ಜನ ಮುಗಿಬೀಳುತ್ತಾರೆ ಎಂಬುದು ಅವಳ ಲೆಕ್ಕ.

“ತೊಂಬತ್ತು ಸೀಳಿಗೆ ಐನೂರೈವತ್ತು ಅಂದ್ರೂ ನಷ್ಟ ಏನಿಲ್ಲ. ನನ್ನ ಕೈ ಇದೆಯಲ್ಲ,” ಎಂದಳು.

“ನಿಂಗೇನು ಬಿಡು, ನೀರು ಕಡೆದು ಬೆಣ್ಣೆ ತೆಗೆಯೋಳು,” ಎಂದು ಗಂಡ ಕೊಡಲಿಯ ಬಾಯಿ ಮಸೆಯುತ್ತಾ ನಕ್ಕ.

ಅವಳು ಸುಣ್ಣದ ಕಡ್ಡಿ ಎತ್ತಿಕೊಂಡಾಗಲೇ ಬೇಕರಿಯ ಯಜಮಾನ ಬಂದ. ಅರವತ್ತರ ಆಸುಪಾಸಿನ ದಪ್ಪ ಮನುಷ್ಯ, ಹುಬ್ಬಿನ ಮೇಲೂ ಹಿಟ್ಟು. ಸೇತುವೆ ಡಿಪೊದ ಹಳೆಯ ಗಿರಾಕಿ. ಅಲ್ಲಿಂದಲೇ ಇವಳ ಪರಿಚಯ. ಹೊಸ ಡಿಪೊ ಅಂತ ಕೇಳಿದೆ, ವರ್ಷವಿಡೀ ವಾರಕ್ಕೊಂದು ಚೌಕಟ್ಟು ನಿನ್ನಲ್ಲೇ ತೆಗೆದುಕೊಳ್ಳುತ್ತೇನೆ ಎಂದ. ಗಂಡನ ಮಸೆಗಲ್ಲು ನಿಂತುಹೋಯಿತು. ಬಾಗಿಲು ತೆರೆಯುವ ಮೊದಲೇ ವರ್ಷದ ಗಿರಾಕಿ.

ಒಂದು ಉಪಕಾರ ಮಾತ್ರ ಆಗಬೇಕು ಎಂದು ಆತ ಕೊರಡಿನ ಮೇಲೆ ಕೂತ. ಸೋಮವಾರ ಬರುವ ಸೌದೆ ಮೊದಲೆಲ್ಲ ಶನಿವಾರದವರೆಗೆ ಸರಿಯಾಗಿ ಬರುತ್ತಿತ್ತಂತೆ. ಈಗ ಶುಕ್ರವಾರ ಮಧ್ಯಾಹ್ನಕ್ಕೇ ಸೌದೆ ಕೋಣೆ ಖಾಲಿ. ಒಲೆಯದೇ ತಪ್ಪೆಂದು ಅದನ್ನು ಕೆಡವಿ ಹೊಸದಾಗಿ ಕಟ್ಟಿಸಿದ್ದೂ ಆಯಿತು. ಹಾಗಾಗಿ ಸೌದೆ ಇಳಿಸಿ ಬೀಗ ಹಾಕಿದ ಮೇಲೆ ಅವಳ ಗಾಡಿಯವನು ಕೋಣೆಯ ಬೀಗದ ಕೈಯನ್ನು ಯಜಮಾನನ ಕೈಗೇ ಕೊಡಬೇಕು, ಮನೆಯಲ್ಲಿ ಬೇರೆ ಯಾರಿಗೂ ಬೇಡ.

“ಬೇರೆ ಯಾರಿಗೂ ಅಂದ್ರೆ?”

ಆತ ಅಂಗೈಯ ಹಿಟ್ಟು ಉಜ್ಜಿಕೊಂಡ. “ನನ್ನ ತಮ್ಮನ ಹೆಂಡತಿ. ತಮ್ಮ ಹೋದ ಮೇಲೆ ಒಲೆ ಅವಳ ಕೈಗೆ ಕೊಟ್ಟಿದ್ದೆ. ಸೌದೆ ಕಡಿಮೆ ಬೀಳೋಕೆ ಶುರುವಾಗಿದ್ದೂ ಆಗಲೇ. ಕಳ್ಳಿ ಅಂತ ಬಾಯಿಬಿಟ್ಟು ಅಂದಿಲ್ಲ, ತಂಗಿ. ಬೀಗದ ಕೈ ಮಾತ್ರ ಇಸ್ಕೊಂಡೆ. ಈಗ ಬ್ರೆಡ್ಡಿಗೆ ಕಾಗದ ಸುತ್ತೋಕೆ ಕೂರಿಸಿದೀನಿ.”

“ಅವರೇನಂದ್ರು?”

“ಏನೂ ಅನ್ನಲಿಲ್ಲ. ಅಳಲೂ ಇಲ್ಲ. ಅತ್ತಿದ್ರೆ ನಂಬ್ತಿದ್ದೆನೋ ಏನೋ.”

“ನಿಮ್ಮ ತಮ್ಮ ಹೋಗಿ ಎಷ್ಟು ವರ್ಷ ಆಯ್ತು?”

“ಮೂರು.”

ಗೂಡಕ್ಕನ ಕೈಯ ಸುಣ್ಣದ ಕಡ್ಡಿ ಹಲಗೆಯ ಹತ್ತಿರವೇ ನಿಂತಿತು. ಮೂರು ವರ್ಷ. ಕೊಂಡವರ ಮನೆಯಲ್ಲಿ ಸೌದೆ ಬೇಗ ಮುಗಿಯುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮುಗಿದರೆ ಇನ್ನೊಂದು ಚೌಕಟ್ಟು ಕೊಳ್ಳುತ್ತಾರೆ, ಅಷ್ಟೇ ಎಂದುಕೊಂಡಿದ್ದಳು. ಆದರೆ ಮುಗಿದದ್ದಕ್ಕೆ ಮನೆಯವರು ಕಾರಣ ಹುಡುಕುತ್ತಾರೆ, ಕಾರಣ ಸಿಗದಿದ್ದರೆ ಯಾರಾದರೂ ಒಬ್ಬರನ್ನು ಹುಡುಕುತ್ತಾರೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಎಳೆದ ಕಬ್ಬಿಣ ತನ್ನ ಕೈಯಲ್ಲೇ ಕಾದದ್ದು.

ದರ ಬರಿ ಎಂದು ಗಂಡ ಯಜಮಾನನ ಬೆನ್ನ ಹಿಂದಿನಿಂದ ಹುಬ್ಬು ಹಾರಿಸಿದ. ಅವಳು ಕಡ್ಡಿಯನ್ನು ಹಲಗೆಯ ಅಂಚಿಗಿಟ್ಟು, ಉಳಿದ ಕಾಲು ಭಾಗವನ್ನು ತನ್ನ ಎಂದಿನ ರೀತಿಯಲ್ಲೇ ತುಂಬಿಸಿ ಮುಗಿಸಿದಳು. ನೋಡಿ, ತುಂಬಿದೆಯಲ್ಲ ಎಂದು ಕೇಳಿದಳು. ತುಂಬಿದೆ ಎಂದು ಆತ ತಲೆಯಾಡಿಸಿದ. ಆಗ ಅವಳು ಅಷ್ಟನ್ನೂ ನೆಲಕ್ಕೆ ಕೆಡವಿದಳು.

“ಇಷ್ಟೇ ಸೌದೆ. ಈಗ ನೀವೇ ಒಟ್ಟಿ ಅಣ್ಣಾ. ನಿಮ್ಮ ಕೋಣೆಯಲ್ಲಿ ಹೇಗೆ ಒಟ್ತೀರೋ ಹಾಗೆ.”

ಇದೇನು ಹುಡುಗಾಟ ಎಂದು ಗೊಣಗಿಕೊಂಡೇ ಆತ ಎದ್ದ. ಆದರೆ ಕೆಲಸದ ಮನುಷ್ಯ. ಕೈ ಹಚ್ಚಿದ ಮೇಲೆ ಅಚ್ಚುಕಟ್ಟು. ಸೊಟ್ಟನೆಯದರ ಹೊಟ್ಟೆಗೆ ಸಣ್ಣದನ್ನು ತುರುಕಿದ, ಸಂದಿಗೆ ಚಕ್ಕೆ ಜಡಿದ. ನೆಲದ ಮೇಲಿದ್ದದ್ದೆಲ್ಲ ಮುಗಿಯಿತು. ಚೌಕಟ್ಟಿನ ಮೇಲ್ಭಾಗದಲ್ಲಿ ಒಂದಡಿ ಎತ್ತರಕ್ಕೆ, ಈ ಕಡೆಯಿಂದ ಆ ಕಡೆಗೆ, ಬರೀ ಆಕಾಶ ಕಾಣುತ್ತಿತ್ತು.

ಆತ ಇನ್ನೂ ಸೌದೆ ಉಳಿದಿದೆಯೇನೋ ಎಂಬಂತೆ ಸುತ್ತ ನೋಡಿದ.

“ಅದೇ ನಿಮ್ಮ ಶನಿವಾರ,” ಎಂದಳು ಗೂಡಕ್ಕ. “ಯಾರೂ ಕದ್ದಿಲ್ಲ. ಅದು ನಿಮ್ಮ ಮನೆಗೆ ಬಂದೇ ಇಲ್ಲ. ಮೂರು ವರ್ಷ ಸೇತುವೆ ಡಿಪೊದಲ್ಲಿ ನಿಮ್ಮ ಚೌಕಟ್ಟು ಒಟ್ಟಿದ್ದು ನಾನೇ ಅಣ್ಣಾ.”

ಆತ ಖಾಲಿ ಜಾಗದೊಳಗೆ ಕೈ ಹಾಕಿ ಒಮ್ಮೆ ಆಚೆ ಈಚೆ ಆಡಿಸಿದ. ಆಮೇಲೆ ವರ್ಷದ ಮಾತಿನ ಬಗ್ಗೆ ಏನೂ ಹೇಳದೆ, ತಿರುಗಿಯೂ ನೋಡದೆ ನಡೆದುಹೋದ.

ಗಂಡನ ಸಿಟ್ಟು ಮಧ್ಯಾಹ್ನದವರೆಗೂ ಕೊಡಲಿಯ ಏಟಿನಲ್ಲೇ ಕೇಳಿಸುತ್ತಿತ್ತು. ಊಟಕ್ಕೆ ಕೂತಾಗ ಬಾಯಿ ಬಿಟ್ಟ. ಪೇಟೆಯಲ್ಲಿ ಎಲ್ಲರೂ ಗಾಳಿ ಸೇರಿಸಿಯೇ ದರ ಹಾಕುವುದು, ಅವಳೊಬ್ಬಳು ಗಾಳಿ ಬಿಟ್ಟರೆ ಜನ ಅವಳನ್ನೇ ದುಬಾರಿ ಎನ್ನುತ್ತಾರೆ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ತುಂಬಿದ ಚೌಕಟ್ಟನ್ನು ಆರುನೂರಕ್ಕೆ ಕೊಟ್ಟರೆ ಮೂರು ತಿಂಗಳಲ್ಲಿ ತಗಡೂ ಉಳಿಯುವುದಿಲ್ಲ ಎಂದು ಅವಳಿಗೂ ಗೊತ್ತು.

“ಆರುನೂರಕ್ಕೆ ಯಾರು ಕೊಡ್ತಾರೆ? ಅಲ್ಲಿ ತೊಂಬತ್ತಕ್ಕೆ ಆರುನೂರು ಅಂದ್ರೆ ನೂರಿಪ್ಪತ್ತಕ್ಕೆ ಎಂಟುನೂರು ಬೀಳುತ್ತೆ. ನಾನು ಏಳುನೂರೈವತ್ತು ಹಾಕ್ತೀನಿ.”

“ಏಳುನೂರೈವತ್ತು ಅಂತ ಓದಿದವನು ಒಳಗೆ ಕಾಲಿಡ್ತಾನಾ? ಹಲಗೆ ಮೇಲೆ ಅಂಕಿ ಕಾಣುತ್ತೆ ಕಣೇ, ಗಾಳಿ ಕಾಣಲ್ಲ.”

“ಕಾಣೋ ಹಾಗೆ ಮಾಡ್ತೀನಿ.”

ಎದ್ದು ಕೈ ತೊಳೆದು, ಹಲಗೆಯ ಖಾಲಿ ಜಾಗದಲ್ಲಿ ಏಳುನೂರೈವತ್ತು ಎಂದು ದಪ್ಪಗೆ ಬರೆದಳು. ಅದರ ಕೆಳಗೆ ಇನ್ನೊಂದು ಸಾಲು: ‘ಒಟ್ಟುವವರು ನೀವೇ.’

ಮೊದಲ ವಾರ ಗಂಡನ ಮಾತೇ ನಿಜವಾಗುವಂತಿತ್ತು. ಅಂಕಿ ಓದಿ ನಕ್ಕು ಹೋದವರೇ ಹೆಚ್ಚು. ದುಡ್ಡೂ ಕೊಟ್ಟು ಕೂಲಿಯೂ ಮಾಡಬೇಕಾ ಎಂದು ಕೇಳಿದವರೂ ಇದ್ದರು. ಆದರೆ ಬಟ್ಟೆಗೆ ಬಣ್ಣ ಹಾಕುವ ಮುದುಕಿಯೊಬ್ಬಳು ಹಠಕ್ಕೆ ಬಿದ್ದು, ಅರ್ಧ ದಿನ ಕೂತು, ಕಡ್ಡಿಯೂ ತೂರದಂತೆ ಜಡಿದು ನೂರಿಪ್ಪತ್ತೆರಡು ಸೀಳು ತುಂಬಿಸಿಕೊಂಡು ಹೋದಳು. ಮರುದಿನ ಅವಳ ಬೀದಿಯಿಂದ ಮೂವರು ಬಂದರು. ಕಡಾಯಿ ಕೆಳಗೆ ಎರಡು ದಿನ ಹೆಚ್ಚು ಉರಿಯುವಷ್ಟು ಸೌದೆ ಸಿಕ್ಕಿತೆಂದು ಅವಳು ಬಾವಿಕಟ್ಟೆಯಲ್ಲೆಲ್ಲ ಸಾರಿದ್ದಳು. ಯಾವ ಸೀಳು ಯಾವುದರ ಪಕ್ಕ ಕೂರುತ್ತದೆ ಎಂದು ಹೇಳಿಕೊಡುವ ಕೆಲಸ ಗಂಡನಿಗೆ ಯಾವಾಗ ಅಂಟಿಕೊಂಡಿತೋ ಅವನಿಗೇ ತಿಳಿಯಲಿಲ್ಲ. “ಅಲ್ಲಲ್ಲ, ಅದರ ತಲೆ ಈ ಕಡೆ ಮಾಡಮ್ಮ,” ಎನ್ನುವ ಅವನ ದನಿ ಕೇಳಿ ಗೂಡಕ್ಕ ಮುಸಿಮುಸಿ ನಗುತ್ತಿದ್ದಳು.

ಎರಡನೆಯ ಸೋಮವಾರ ಬೇಕರಿಯ ಗಾಡಿ ಬಂತು. ಯಜಮಾನ ಮುಂದೆ ಕೂತಿದ್ದ. ಹಿಂದಿನಿಂದ ಇಳಿದವಳು ನಲವತ್ತರ ತೆಳ್ಳಗಿನ ಹೆಂಗಸೊಬ್ಬಳು. ಮುಂಗೈಯಲ್ಲಿ ಒಲೆಯ ಕಿಡಿ ಹಾರಿದ ಹಳೆಯ ಕಲೆಗಳು. ಸೊಂಟದಲ್ಲಿ ಬೀಗದ ಕೈ. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

“ಒಟ್ಟೋದು ಇವಳೇ,” ಎಂದ ಯಜಮಾನ, ನೆಲ ನೋಡಿಕೊಂಡು. “ನನಗಿಂತ ಚೆನ್ನಾಗಿ ಒಟ್ತಾಳೆ.”

ಗೂಡಕ್ಕ ಏನೋ ಹೇಳಬೇಕೆಂದು ಮುಂದೆ ಬಂದಳು. ನಿಮ್ಮ ಮೂರು ವರ್ಷ, ಎನ್ನುವಷ್ಟರಲ್ಲಿ ಆ ಹೆಂಗಸು ತಡೆದಳು. “ಆಮೇಲೆ ಅಕ್ಕಾ. ಮೊದಲು ಸೌದೆ.”

ಅವಳು ಅವಸರ ಮಾಡಲಿಲ್ಲ. ಪ್ರತಿ ಸೀಳನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಅದಕ್ಕೆಂದೇ ಇದ್ದ ಜಾಗದಲ್ಲಿ ಇಟ್ಟಳು. ಡಿಪೊದ ಬೆಕ್ಕು ಬಂದು ಚೌಕಟ್ಟನ್ನು ಮೂಸಿ, ಎಲ್ಲೂ ದಾರಿ ಕಾಣದೆ ಹೊರಟುಹೋಯಿತು. ಕೊನೆಯ ಸಾಲು ಕಬ್ಬಿಣದ ಅಂಚಿಗೆ ಸಮವಾದಾಗ ಅವಳ ಕೈಯಲ್ಲಿ ಒಂದು ಸೀಳು ಉಳಿದಿತ್ತು. ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು, ಹಿಡಿಯಲಿಲ್ಲ.

“ಇರಲಿ, ಗಾಡಿಗೆ ಹಾಕ್ಕೊಳ್ಳಿ. ಒಂದು ಸೀಳು ತಾನೇ,” ಎಂದ ಗೂಡಕ್ಕನ ಗಂಡ.

ಆ ಹೆಂಗಸು ಭಾವನ ಕಡೆ ಒಮ್ಮೆ ನೋಡಿದಳು. ಆತ ತಲೆ ಎತ್ತುವವರೆಗೂ ನೋಡುತ್ತಲೇ ನಿಂತಳು. ಆಮೇಲೆ ಅಂಗಳ ದಾಟಿ ಹೋಗಿ, ಆ ಸೀಳನ್ನು ಗೂಡಕ್ಕನ ರಾಶಿಯ ಮೇಲೆ ಇಟ್ಟಳು.

“ಇದು ನಮ್ಮದಲ್ಲ,” ಎಂದಳು.