ಜಟ್ಟೆಪ್ಪನ ಮುಖ

ಆ ಚಿತ್ರದ ವಿಷಯವನ್ನು ಭೀಮಬಾಯಿಗೆ ಹೇಳಿದವಳು ನಾನೇ. ಒಳ್ಳೆಯದಾಗಲಿ ಅಂತಲೇ ಹೇಳಿದೆ.

೧೯೭೪ರಲ್ಲಿ ನಾನು ಗುಲಬರ್ಗಾದಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದೆ. ಒಂದು ದಿನ ನಮ್ಮನ್ನೆಲ್ಲ ಹೈದರಾಬಾದ ತೋರಿಸಲು ಕರೆದುಕೊಂಡು ಹೋದರು. ಸಂಜೆ ರೈಲಿಗೆ ಇನ್ನೂ ಹೊತ್ತಿತ್ತು. ಹತ್ತಿರದಲ್ಲೇ ಒಂದು ಹಳೆಯ ಹವೇಲಿಯಲ್ಲಿ ಚಿತ್ರಶಾಲೆ ಇತ್ತು, ಟಿಕೀಟಿರಲಿಲ್ಲ, ಹಾಗಾಗಿ ಒಳಗೆ ಹೋದೆವು. ನವಾಬರು, ಬೇಗಮರು, ಕುದುರೆಗಳು. ನಾನು ಬೇಸರದಿಂದ ನಡೆಯುತ್ತಿದ್ದವಳು ಕಡೆಯ ಕೋಣೆಯಲ್ಲಿ ಗಕ್ಕನೆ ನಿಂತೆ.

ಗೋಡೆಯ ಮೇಲೆ ನಮ್ಮ ಓಣಿಯ ಭೀಮಬಾಯಿ ಕೂತಿದ್ದಳು. ಕಾಲು ಚಾಚಿ, ಎಡಗೈಯಲ್ಲಿ ಉಳಿ ಹಿಡಿದು, ಬಲಗೈಯಲ್ಲಿ ಸುತ್ತಿಗೆ ಎತ್ತಿ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುತ್ತಿದ್ದಳು. ಗದ್ದದ ಮೇಲಿನ ಮೂರು ಹಚ್ಚೆಯ ಚುಕ್ಕೆ, ಕಲ್ಲಿನ ಚಕ್ಕೆ ಸಿಡಿದು ಹುಬ್ಬಿನ ಮೇಲೆ ಆಗಿದ್ದ ಗಾಯದ ಗುರುತು, ಎಲ್ಲ ಇತ್ತು. ಅವಳ ಹಿಂದೆ ಒಬ್ಬ ಗಂಡಸು ಹಾರೆ ಹಾಕಿ ಬಂಡೆ ಎಬ್ಬಿಸುತ್ತಿದ್ದ. ಅವನು ಅವಳ ಗಂಡ ಜಟ್ಟೆಪ್ಪನೇ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಮೇಡಂ ಹೊರಗಿನಿಂದ ಕೂಗಿದರು. ಓಡಿದೆ.

ಜಟ್ಟೆಪ್ಪನ ಕಡೆಯವರು ಕಾಗಿಣಾ ನದಿಯ ದಂಡೆಯವರು. ಹರಿಗೋಲು ಹಾಕುತ್ತಿದ್ದವರು. ಅವನು ಮದುವೆಯಾದ ಮೇಲೆ ರಾವೂರಿಗೆ ಬಂದು ಕಲ್ಲಿನ ಖಣಿ ಸೇರಿದ. ನಮ್ಮಪ್ಪ ಮಜೀದಸಾಬ ಅದೇ ಖಣಿಯಿಂದ ವಾಡಿ ಸ್ಟೇಷನ್ನಿಗೆ ಬಂಡಿಯಲ್ಲಿ ಕಲ್ಲು ಸಾಗಿಸುತ್ತಿದ್ದ. ೧೯೫೯ರ ಬೇಸಿಗೆಯಲ್ಲಿ ಹೈದರಾಬಾದಿನ ಒಬ್ಬ ಚಿತ್ರಕಾರ ಬಂದು ಎಂಟು ದಿನ ನಮ್ಮ ಪಡಸಾಲೆಯಲ್ಲಿದ್ದು, ದಿನಾ ಖಣಿಗೆ ಹೋಗಿ ಕೂತು ಬರೆಯುತ್ತಿದ್ದನಂತೆ. ಮಾರನೆಯ ವರ್ಷ ಶ್ರಾವಣದಲ್ಲಿ ಮಳೆಗೆ ನೆನೆದ ಖಣಿಯ ದಡ ಕುಸಿದು ಜಟ್ಟೆಪ್ಪನ ಮೇಲೆ ಬಿತ್ತು. ಆಗ ನನಗೆ ಐದು ವರ್ಷ. ಭೀಮಬಾಯಿ ಆರು ತಿಂಗಳ ಬಸುರಿ. ನೀಲಾಬಾಯಿ ಹುಟ್ಟಿದ್ದು ಅಪ್ಪ ಸತ್ತ ಮೇಲೆ.

ಜಟ್ಟೆಪ್ಪನ ಫೋಟೋ ಇರಲಿಲ್ಲ. ನಮ್ಮ ಓಣಿಯಲ್ಲಿ ಆಗ ಯಾರದ್ದೂ ಇರಲಿಲ್ಲ. ನೀಲಾ ಕೇಳಿದಾಗಲೆಲ್ಲ ಭೀಮಬಾಯಿ ಹೇಳುತ್ತಿದ್ದಳು: “ನಿನ್ನ ಮೂಗು ನಿಮ್ಮಪ್ಪಂದೇ ನೋಡು. ನಕ್ಕರ ಎಡಗಲ್ಲದಾಗ ಕುಣಿ ಬೀಳ್ತಿತ್ತು. ಕಣ್ಣು ಬೆಕ್ಕಿನ ಕಣ್ಣು.” ಆ ಹುಡುಗಿ ಅಷ್ಟನ್ನೇ ಜೋಡಿಸಿಕೊಂಡು ಬೆಳೆದಳು.

ರಜೆಗೆ ಊರಿಗೆ ಬಂದ ಸಂಜೆಯೇ ಅವರ ಮನೆಗೆ ಹೋದೆ. ಭೀಮಬಾಯಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳುತ್ತಿದ್ದಂತೆ ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

“ಅವರ ಮಾರಿ ಕಾಣ್ತದೇನು, ತಾಜು?”

“ಕಾಣ್ತದ, ಕಾಕಿ” ಅಂದೆ.

ಆ ಗಂಡಸಿನ ಮುಖವನ್ನು ನಾನು ಅಷ್ಟು ನಿರುಕಿಸಿ ನೋಡಿರಲಿಲ್ಲ. ಅವಳ ಕಣ್ಣು ನೋಡಿ ಬಾಯಿಗೆ ಬಂದದ್ದು ಅದು.

“ನಮ್ಮಂಥವರಿಗೆ ಒಳಗ ಬಿಡ್ತಾರೇನು?”

“ಯಾರು ಹೋದರೂ ಬಿಡ್ತಾರ. ಟಿಕೀಟೇ ಇಲ್ಲ.”

ಆದರೂ ಹೋಗುವುದು ಒಂದು ವರ್ಷದ ಮೇಲೇ ಆಯಿತು. ಖಣಿಯಲ್ಲಿ ಒಂದು ದಿನ ತಪ್ಪಿದರೆ ಮಾರನೆಯ ದಿನ ಅವಳ ಜಾಗದಲ್ಲಿ ಬೇರೆಯವಳು ಕೂತಿರುತ್ತಿದ್ದಳು. ಅಷ್ಟರಲ್ಲಿ ನೀಲಾಳಿಗೆ ತೆಂಗಳಿ ಊರಿನ ಸಂಬಂಧ ನಿಶ್ಚಯವಾಯಿತು. ಅವಳು ಹಟ ಹಿಡಿದಳು. “ಅಪ್ಪನ ಮಾರಿ ನೋಡಲಾರದ ನಾ ಮದುವಿ ಅಕ್ಕಿಕಾಳಿಗೆ ನಿಂದ್ರಂಗಿಲ್ಲ” ಅಂದಳು. ಸಂಕ್ರಾಂತಿ ಆದ ಮೂರನೆಯ ದಿನ ನಾವು ಮೂವರೂ ವಾಡಿಯಲ್ಲಿ ಬೆಳಗಿನ ರೈಲು ಹತ್ತಿದೆವು.

ಭೀಮಬಾಯಿ ಪೆಟ್ಟಿಗೆಯ ತಳದಿಂದ ತೆಗೆದ ಸೀರೆ ಉಟ್ಟಿದ್ದಳು. ಗಂಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಹೋಳಿಗೆ ಅವನಿಗೆ ಇಷ್ಟವಂತೆ. ದಾರಿಯುದ್ದಕ್ಕೂ ನೀಲಾ ಮಾತಾಡಿದಳು. ತಾಂಡೂರ ದಾಟಿದ ಮೇಲೆ ಭೀಮಬಾಯಿ ನನ್ನ ಕಡೆ ಬಾಗಿ, “ಎದುರಿಗೆ ನಿಂತರ ಗುರುತು ಹತ್ತತದಲ್ಲಾ?” ಅಂತ ಕೇಳಿದಳು. ನಾನು ನಕ್ಕುಬಿಟ್ಟೆ. ಗಂಡನ ಗುರುತು ಹತ್ತುವುದಿಲ್ಲವೇ ಅಂದೆ.

ಹವೇಲಿಯ ಮೆಟ್ಟಿಲ ಬಳಿ ಇಬ್ಬರೂ ಚಪ್ಪಲಿ ಬಿಟ್ಟರು. ಬೇಡ, ಹಾಕಿಕೊಳ್ಳಿ ಅಂತ ಕಾವಲುಗಾರ ಕೈಸನ್ನೆ ಮಾಡಿದ. ಭೀಮಬಾಯಿ ಕೇಳಲಿಲ್ಲ. ತಣ್ಣಗಿನ ನೆಲದ ಮೇಲೆ ಬರಿಗಾಲಲ್ಲಿ, ಗೋಡೆಯ ನವಾಬರ ಕಡೆ ತಿರುಗಿಯೂ ನೋಡದೆ ನನ್ನ ಹಿಂದೆ ನಡೆದಳು.

ಚಿತ್ರ ಅದೇ ಜಾಗದಲ್ಲಿತ್ತು. ಈ ಸಲ ನಾನು ನೇರವಾಗಿ ಗಂಡಸಿನ ಕಡೆ ನೋಡಿದೆ.

ಅವನು ನಮಗೆ ಬೆನ್ನು ಮಾಡಿ ಬಾಗಿದ್ದ. ಬೆನ್ನೂ ಪೂರ್ತಿ ಇರಲಿಲ್ಲ. ನಾಲ್ಕು ಗೆರೆ ಕಂದು ಬಣ್ಣ, ರುಮಾಲಿಗೆ ಒಂದಿಷ್ಟು ಬಿಳಿ. ತಲೆ ಇರಬೇಕಾದಲ್ಲಿ ಖಣಿಯ ನೆರಳು. ಭೀಮಬಾಯಿಯ ಬಿರಿದ ಹಿಮ್ಮಡಿಯನ್ನೂ ಬಿಡದೆ ಬರೆದಿದ್ದ ಆ ಚಿತ್ರಕಾರ ಜಟ್ಟೆಪ್ಪನಿಗೆ ಒಂದು ಕಿವಿಯನ್ನೂ ಕೊಟ್ಟಿರಲಿಲ್ಲ.

“ಅಪ್ಪ ಎಲ್ಲಿ, ತಾಜಕ್ಕ?” ಅಂದಳು ನೀಲಾ.

ನಾನು ಬೆರಳು ತೋರಿಸಿದೆ. ಅವಳು ಹತ್ತಿರ ಹೋದಳು. ಗೋಡೆಗೆ ಕೆನ್ನೆ ತಾಗುವಷ್ಟು ಸರಿದು, ಕತ್ತು ವಾರೆ ಮಾಡಿ, ಚೌಕಟ್ಟಿನ ಪಕ್ಕದಿಂದ ಇಣುಕಿದಳು. ಆ ಕಡೆಯಿಂದ ನೋಡಿದರೆ ಮುಖ ಕಂಡೀತು ಅನ್ನುವ ಹಾಗೆ. ಕಾವಲುಗಾರ ಓಡಿ ಬಂದು ದೂರ ನಿಲ್ಲಿಸಿದ.

ಈ ಚಿತ್ರಕಾರನದು ಬೇರೆ ಏನಾದರೂ ಇದೆಯಾ ಅಂತ ನಾನು ಅವನನ್ನು ಕೇಳಿದೆ. ಅವನು ಒಳಗಿನಿಂದ ಕನ್ನಡಕದ ಸಾಹೇಬರೊಬ್ಬರನ್ನು ಕರೆತಂದ. ಒಳ್ಳೆಯ ಮನುಷ್ಯ. ದೊಡ್ಡ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದರು. ಇದೊಂದೇ. ಚಿತ್ರಕಾರ ತೀರಿಕೊಂಡು ಆರು ವರ್ಷ, ಮನೆಯವರು ಊರು ಬಿಟ್ಟು ಹೋಗಿದ್ದಾರೆ, ಕಚ್ಚಾ ಗೀಚಿದ್ದು ಏನಾದರೂ ಉಳಿದಿದೆಯೋ ಗೊತ್ತಿಲ್ಲ ಅಂದರು. ಆಮೇಲೆ ಅವರ ಕಣ್ಣು ಭೀಮಬಾಯಿಯ ಗದ್ದದ ಮೇಲೆ ಬಿತ್ತು. ಚಿತ್ರ ನೋಡಿದರು. ಮತ್ತೆ ಅವಳನ್ನು ನೋಡಿದರು.

ಅವರ ಸಂತೋಷಕ್ಕೆ ಮಿತಿ ಇರಲಿಲ್ಲ. ಸ್ಟೂಲು ತರಿಸಿ ಕೂರಿಸಿದರು. ಬೇರೆ ಕೋಣೆಯಲ್ಲಿದ್ದವರನ್ನೂ ಕರೆದರು. ಹತ್ತು ಹನ್ನೆರಡು ಜನ ಸುತ್ತ ನೆರೆದು ಒಮ್ಮೆ ಗೋಡೆ, ಒಮ್ಮೆ ಅವಳು ಅಂತ ನೋಡತೊಡಗಿದರು. ಎಷ್ಟು ಚೆಂದ ಬರೆದಿದ್ದಾನೆ, ಹುಬ್ಬಿನ ಗಾಯ ಕೂಡ ಹಾಗೇ ಇದೆ ಅಂದಳು ಕಾಲೇಜಿನ ಹುಡುಗಿಯೊಬ್ಬಳು. ಭೀಮಬಾಯಿಗೆ ಅವರ ಉರ್ದು ಅರ್ಥವಾಗುತ್ತಿತ್ತು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

“ನನ್ನ ಮಾರಿ ಯಾಕ ಬೇಕಾಗಿತ್ತು ಇವನಿಗೆ?” ಸೆರಗಿನ ಒಳಗಿನಿಂದ ಅಂದಳು. “ನಂದು ಕನ್ನಡಿಯಾಗ ಅದ. ನಡಿ ತಾಜು, ಹೋಗಮು.”

ಹೋಳಿಗೆಯ ಗಂಟನ್ನು ಸ್ಟೇಷನ್ನಿನ ಬಳಿ ಕುಳಿತಿದ್ದ ಮುದುಕಿಯೊಬ್ಬಳಿಗೆ ಕೊಟ್ಟುಬಿಟ್ಟಳು.

ಮರಳಿ ಬರುವಾಗ ರೈಲಿನಲ್ಲಿ ಗದ್ದಲವಿರಲಿಲ್ಲ. ನೀಲಾ ಕಿಟಕಿಗೆ ಒರಗಿ ಕೂತಿದ್ದಳು. ಅವಳೇ ಅವ್ವನನ್ನು ಸಮಾಧಾನ ಮಾಡಲು ಹೊರಟಳು.

“ಇರ್ಲಿ ಬಿಡವ್ವ. ಚಿತ್ರದಾಗ ಇಲ್ಲಂದ್ರ ಏನಾತು? ನಿನಗಂತೂ ನೆನಪದಲ್ಲ. ಇನ್ನೊಮ್ಮೆ ಹೇಳು, ಮೊದಲಿಂದ. ಮೂಗು, ಕಣ್ಣು, ಎಲ್ಲಾ.”

ಭೀಮಬಾಯಿ ಮಗಳ ಕಡೆ ನೋಡದೆ ಹೇಳಿದಳು.

“ನನಗೂ ನೆನಪಿಲ್ಲ, ನೀಲಾ.”

“ಅಂದ್ರ?”

“ಮಾರಿ ಹೋಗಿಬಿಟ್ಟದ. ಏಳೆಂಟು ವರ್ಷಾತು. ನಡಿಗಿ ನೆನಪದ, ದನಿ ನೆನಪದ. ಕಣ್ಣು ಮುಚ್ಚಿದರ ಎಲ್ಲಾ ಬರ್ತದ, ಮಾರಿ ಇದ್ದಲ್ಲಿ ಏನೂ ಇಲ್ಲ. ಅದಕ್ಕೇ ನೋಡಾಕ ಬಂದಿದ್ನಿ.”

“ಮತ್ತ ಗಲ್ಲದಾಗ ಕುಣಿ?”

“ನೀ ಸಣ್ಣಾಕಿ ಇದ್ದಿ, ಕೇಳ್ತಿದ್ದಿ. ಏನರ ಹೇಳಬೇಕಲ್ಲ. ಖರೇ ಎಷ್ಟು, ನಾ ಕಟ್ಟಿದ್ದೆಷ್ಟು, ಈಗ ನನಗೂ ತಿಳಿಯವಲ್ದು.”

ನೀಲಾ ಅಳಲಿಲ್ಲ. ಅವ್ವನ ಪಕ್ಕದಿಂದ ಎದ್ದು ಹೋಗಿ ಎದುರಿನ ಸಾಲಿನಲ್ಲಿ, ಗುರುತಿಲ್ಲದ ಹೆಂಗಸೊಬ್ಬಳ ಪಕ್ಕ ಕೂತಳು. ವಾಡಿ ಬರುವವರೆಗೂ ಅಲ್ಲೇ ಇದ್ದಳು.

ಮರುದಿನ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ನಮ್ಮಪ್ಪ ಅಂಗಳದಲ್ಲಿ ಎತ್ತಿಗೆ ಹಿಂಡಿ ಕಲಸುತ್ತಿದ್ದ.

“ಚಾಚಾ, ನಮ್ಮಪ್ಪನ ಮಾರಿ ಹ್ಯಾಂಗಿತ್ತು? ಇದ್ದದ್ದು ಇದ್ದಂಗ ಹೇಳು.”

“ಭಾಳ ಛಲೋ ಮನಿಷ್ಯಾ ಇದ್ದ, ಬೇಟಿ.”

“ಮಾರಿ ಹೇಳು.”

ಅಪ್ಪ ಹಿಂಡಿಯಲ್ಲಿ ಕೈ ಇಟ್ಟುಕೊಂಡೇ ಕೂತ. “ಎತ್ತರದ ಆಳು” ಅಂದ. “ನನಗಿಂತ ಎತ್ತರ.” ಮತ್ತೆ ಹಿಂಡಿ ಕಲಸತೊಡಗಿದ. ನೀಲಾ ಸ್ವಲ್ಪ ಹೊತ್ತು ಕಾದು ಹೊರಟುಹೋದಳು. ಆಮೇಲೆ ಅಪ್ಪ ನನಗೆ ನಮ್ಮ ಮನೆಮಾತಿನಲ್ಲಿ ಹೇಳಿದ: ಅವತ್ತು ಕಲ್ಲು ಸರಿಸಿ ಜಟ್ಟೆಪ್ಪನನ್ನು ಹೊರಗೆ ತೆಗೆದವನು ತಾನೇ, ಆಗ ಮುಖ ಅನ್ನುವುದು ಉಳಿದಿರಲಿಲ್ಲ, ಅದನ್ನು ನೋಡಿದ ಮೇಲೆ ಅದರ ಮೊದಲಿನದು ಒಂದೂ ಕಣ್ಣಿಗೆ ಬರುವುದಿಲ್ಲ.

ಮಾಘದಲ್ಲಿ ನೀಲಾಳ ಮದುವೆಯಾಯಿತು. ಅವ್ವನ ಕಾಲು ಮುಟ್ಟಿದಳು, ತೆಂಗಳಿಗೆ ಹೋದಳು. ಮೊದಲ ಯುಗಾದಿಗೆ ಬರಲಿಲ್ಲ. ಪಂಚಮಿಗೂ ಬರಲಿಲ್ಲ. ಕರೆಯಲು ಹೋದವರಿಗೆ ಮನೆಯಲ್ಲಿ ಕೆಲಸವಿದೆ ಅಂದಳಂತೆ.

ಅದೇ ಮಳೆಗಾಲದಲ್ಲಿ ಚಿತ್ರಶಾಲೆಯ ಸಾಹೇಬರ ಕಾಗದ, ಅವತ್ತು ನಾನು ಬರೆದುಕೊಟ್ಟಿದ್ದ, ನಾನು ಕಲಿಸುತ್ತಿದ್ದ ಶಾಲೆಯ ವಿಳಾಸಕ್ಕೆ ಬಂತು. ಚಿತ್ರದ ಕೆಳಗಿನ ಫಲಕದಲ್ಲಿ ಆ ಹೆಣ್ಣುಮಗಳ ಹೆಸರು ಹಾಕಬೇಕೆಂದಿದ್ದೇವೆ, ಸರಿಯಾಗಿ ಬರೆದು ಕಳಿಸಿ ಅಂತ. ನಾನು ಖಣಿಗೆ ಹೋಗಿ ಓದಿ ಹೇಳಿದೆ. ಭೀಮಬಾಯಿ ಉಳಿ ಕೆಳಗಿಟ್ಟಳು.

“ನಂದು ಬ್ಯಾಡ. ಹಾಕ್ತೀನಿ ಅಂದ್ರ ಅವರದು ಹಾಕಂತ ಬರಿ.”

“ಏನಂತ ಬರೀಲಿ, ಕಾಕಿ?”

ಗಂಡನ ಹೆಸರು ಅವಳ ಬಾಯಿಂದ ಎಂದೂ ಬಂದಿರಲಿಲ್ಲ. ಈಗಲೂ ಬರಲಿಲ್ಲ. “ನಿನಗ ಗೊತ್ತದಲ್ಲ” ಅಂದಳು.

ಜಟ್ಟೆಪ್ಪ, ರಾವೂರ ಅಂತ ಬರೆದು, ಹಾರೆ ಹಿಡಿದವನು ಇವನೇ ಅಂತ ಸೇರಿಸಿ ಕಳಿಸಿದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಆ ಸಾಹೇಬರಿಗೆ ವರ್ಗವಾಗಿದೆ ಅಂತ ಯಾರೋ ಎರಡು ಸಾಲು ಬರೆದಿದ್ದರು, ಫಲಕದ ಮಾತೇ ಇರಲಿಲ್ಲ.

ದೀಪಾವಳಿಯವರೆಗೆ ಭೀಮಬಾಯಿ ನಾನು ಶಾಲೆಯಿಂದ ಬರುವ ದಾರಿಯಲ್ಲಿ ನಿಂತು, “ಟಪಾಲು ಬಂತೇನು?” ಅಂತ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ದಾರಿಯಲ್ಲಿ ಕಂಡರೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಖಣಿಯ ಕಡೆ ಹೊರಟುಹೋಗುತ್ತಿದ್ದಳು.